ಎಂಜಲ ಮದ್ದು

ಮತ್ತಿಕಡದಲ್ಲಿ ಸಂಜೆ ಆರಕ್ಕೆ ಸೈರನ್ ಕೂಗಿತೆಂದರೆ ಹೊರಗಿದ್ದದ್ದೆಲ್ಲ ಒಳಗೆ ಬರಬೇಕು. ಹಪ್ಪಳದ ಚಾಪೆ ಒಳಗೆ, ಮಕ್ಕಳು ಒಳಗೆ, ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳ, ಬಾವಿಯ ಬಾಯಿಗೆ ಬಲೆ, ಕಲಗಚ್ಚಿನ ಬಾನಿಗೆ ಗೋಣಿತಾಟು. ಏಳು ವರ್ಷದಿಂದ ಹೀಗೆ. ಮೊದಮೊದಲು ಆ ಕೂಗಿಗೆ ಎದೆ ಹಿಡಿದುಕೊಳ್ಳುತ್ತಿದ್ದ ಊರು ಈಗ ಅದನ್ನು ಕೇಳಿ ಒಲೆಯ ಮೇಲೆ ಎಸರಿಡುತ್ತಿತ್ತು.

ಆ ಹೊತ್ತಿನಲ್ಲಿ ಹೊಳೆದಂಡೆಯಲ್ಲಿ ನಿಲ್ಲಲು ಅಪ್ಪಣೆ ಇದ್ದದ್ದು ನಿಂಗಾಜಮ್ಮನಿಗೆ. ಅಡಿಯಿಂದ ಮುಡಿಯವರೆಗೆ ಬಿಳಿ ಅಂಗಿ, ಮೂಗು ಬಾಯಿಗೆ ಕವಚ, ಮೊಣಕೈವರೆಗೆ ಗವಸು. ಈ ವೇಷದಲ್ಲಿ ಯಮ ಬಂದರೂ ನನ್ನ ಗುರುತು ಹತ್ತದೆ ವಾಪಸು ಹೋಗುತ್ತಾನೆ ಎಂದು ಅವಳೇ ನಗುತ್ತಿದ್ದಳು. ಎದುರಿಗೆ ಹನ್ನೊಂದು ಹೊಳೆಮತ್ತಿ ಮರಗಳು, ಮರದ ತುಂಬ ಬಾವಲಿ. ಹಗಲಲ್ಲಿ ನೋಡಿದರೆ ಯಾರೋ ಸಾವಿರಾರು ಹಳೆಯ ಕೊಡೆಗಳನ್ನು ಮಡಿಸಿ ನೇತುಹಾಕಿದ ಹಾಗಿರುತ್ತಿತ್ತು. ಸೈರನ್ ನಿಂತು ಊರು ಸುಮ್ಮನಾದ ಮೇಲೆ ಒಂದು ಕೊಡೆ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಇನ್ನೊಂದು. ಆಮೇಲೆ ಮರವೇ ಮೈಮುರಿದು ಎದ್ದಂತೆ ಅಷ್ಟೂ ಒಟ್ಟಿಗೆ. ಬಡಿಯುವ ರೆಕ್ಕೆಗಳಲ್ಲಿ ಸಂಜೆಯ ಕೆಂಪು ಹಾಯ್ದು ಒಂದೊಂದು ನರವೂ ಕಾಣುತ್ತಿತ್ತು. ಹೊಳೆಯ ನೀರಿನಲ್ಲೂ ಅಷ್ಟೇ ಬಾವಲಿಗಳು, ಆಳಕ್ಕೆ ಹಾರುವಂಥವು. ನೋಡುತ್ತ ನಿಂತರೆ ಯಾವುದು ಆಕಾಶ, ಯಾವುದು ಹೊಳೆ ಎನ್ನುವುದು ಮರೆತೇ ಹೋಗುತ್ತಿತ್ತು.

ಏಳು ವರ್ಷದ ಹಿಂದೆ ಅವಳ ತಂಗಿ ಸಾಕವ್ವ ಸಾಯುವ ಮುಂಚೆ ಹೇಳಿದ್ದೂ ಅದನ್ನೇ. ಮಂಪರು ಜ್ವರ ಬಂದವರಿಗೆ ಪೂರಾ ಎಚ್ಚರವೂ ಇರುತ್ತಿರಲಿಲ್ಲ, ಪೂರಾ ನಿದ್ದೆಯೂ ಇರುತ್ತಿರಲಿಲ್ಲ. ಅರೆಗಣ್ಣು ಬಿಟ್ಟುಕೊಂಡು ಕನಸನ್ನು ಬಾಯಲ್ಲಿ ಹೇಳುತ್ತ ಮಲಗುತ್ತಿದ್ದರು. ಹೊಳೆ ತಲೆಯ ಮೇಲ್ಗಡೆ ಹರಿಯುತ್ತಿದೆ, ನಾನು ತಲೆಕೆಳಗಾಗಿ ನೇತಾಡುತ್ತಿದ್ದೇನೆ, ಭಯವೇನಿಲ್ಲ ಅಕ್ಕ ಎಂದು ಸಾಕವ್ವ ಎರಡು ದಿನ ಹೇಳಿದಳು. ಮೂರನೆಯ ದಿನ ಹೇಳಲಿಲ್ಲ. ಆ ವರ್ಷ ಜ್ವರ ಬಂದ ಇಬ್ಬರಲ್ಲಿ ಒಬ್ಬರು ಉಳಿದರು. ಅಕ್ಕತಂಗಿಯರಿಬ್ಬರಿಗೂ ಒಂದೇ ವಾರ ಬಂದಿತ್ತು. ಉಳಿದವಳು ನಿಂಗಾಜಮ್ಮ.

ಅಂದಿನಿಂದ ಅವಳಿಗೂ ಆಗಾಗ ಅದೇ ಕನಸು. ಯಾರಿಗೂ ಹೇಳಿರಲಿಲ್ಲ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಅದು ಕನಸಲ್ಲ.

ಹೊಳೆದಂಡೆಯ ಹಳೆಯ ಪಂಪ್‌ಹೌಸೇ ಸಂಶೋಧನಾ ಕೇಂದ್ರ. ಒಂದು ಕಾಲಕ್ಕೆ ಮೋಟರು ಇದ್ದ ಕೋಣೆಯಲ್ಲಿ ಈಗ ಗೋಡೆಯಗಲದ ಪರದೆ. ಪರದೆಯಲ್ಲಿ ಹನ್ನೊಂದೂ ಮರಗಳು ಕಡುನೀಲಿ ಬಣ್ಣದಲ್ಲಿ ಕಾಣುತ್ತಿದ್ದವು, ನೀರಿನ ತಳದಲ್ಲಿ ಬೆಳೆದ ಮರಗಳ ಹಾಗೆ. ಅದರ ಮುಂದೆ ಕಾಲು ಮಡಿಸಿಕೊಂಡು ಕೂತಿರುತ್ತಿದ್ದವರು ಡಾಕ್ಟರ್ ಹಿಲ್ಡಾ ಲೋಬೊ. ಮಂಗಳೂರು ಕಡೆಯವರು. ಮನುಷ್ಯರ ಡಾಕ್ಟರಲ್ಲ, ವೈರಸ್ಸಿನ ಡಾಕ್ಟರು. ಆದರೂ ನಿಂಗಾಜಮ್ಮ ಅವರನ್ನು ಕರೆಯುತ್ತಿದ್ದದ್ದು ಡಾಕ್ಟ್ರಮ್ಮ ಎಂದೇ. ಮಂಡಿನೋವಿಗೆ ಏನಾದರೂ ಕೊಡಿ ಎಂದು ಕೇಳುವುದನ್ನೂ ಬಿಟ್ಟಿರಲಿಲ್ಲ.

ನಿಂಗಾಜಮ್ಮ ಕೇಂದ್ರದ ಕೆಲಸಕ್ಕೆ ಸೇರಿದ ಮೊದಲ ದಿನವೇ ಡಾಕ್ಟ್ರಮ್ಮ ಅವಳಿಗೆ ಎಲ್ಲ ಬಿಡಿಸಿ ಹೇಳಿದ್ದರು. ಬಾವಲಿ ಈ ವೈರಸ್ಸನ್ನು ಮೈಯಲ್ಲಿ ಸಾಕಿಕೊಂಡಿದೆ, ನಾವು ಮನೆಯಲ್ಲಿ ಬೆಕ್ಕು ಸಾಕಿದಂತೆ. ಅದಕ್ಕೆ ಜ್ವರವಿಲ್ಲ, ಮಂಪರಿಲ್ಲ. ಹೊಟ್ಟೆ ತುಂಬಿ ನೆಮ್ಮದಿಯಾಗಿದ್ದಾಗ ವೈರಸ್ಸೂ ಮುದುರಿ ಮಲಗಿರುತ್ತದೆ. ಹಸಿವಾದರೆ, ಹೆದರಿದರೆ, ಇರುವ ಮರ ಹೋದರೆ ಅದು ಎದ್ದು ಬಾವಲಿಯ ಜೊಲ್ಲಿನಲ್ಲಿ ಉಕ್ಕುತ್ತದೆ. ಆ ಜೊಲ್ಲು ಸೋಕಿದ ಹಣ್ಣನ್ನೋ ಈಚಲ ನೀರಾವನ್ನೋ ಬಾಯಿಗಿಟ್ಟ ಮನುಷ್ಯನಿಗೆ ಬರುವುದೇ ಮಂಪರು ಜ್ವರ. ಹಾಗಾದರೆ ಬಾವಲಿಗೇ ಮದ್ದು ಹಾಕಬಾರದೇಕೆ? ಹನ್ನೆರಡು ಸಾವಿರ ಬಾವಲಿಗಳನ್ನು ಹಿಡಿದು ಸೂಜಿ ಚುಚ್ಚಲಿಕ್ಕಾಗುತ್ತದೆಯೇ? ಆಗುವುದಿಲ್ಲ. ಆದರೆ ಮದ್ದೇ ಒಂದು ಬಾಯಿಂದ ಇನ್ನೊಂದು ಬಾಯಿಗೆ ನಡೆದುಹೋಗುವ ಹಾಗಿದ್ದರೆ?

ಹಾಗೆ ಯೋಚಿಸಿ ಮಾಡಿದ ಮದ್ದು ಅದು. ಜೇನಿನಂತೆ ಅಂಟಂಟು, ಬಾಳೆಹಣ್ಣಿನ ವಾಸನೆ. ರೋಗದ ವೈರಸ್ಸಿನ ಹಲ್ಲು ಕಿತ್ತ ತಮ್ಮನೊಬ್ಬನನ್ನು ಅದರೊಳಗೆ ಕೂರಿಸಿದ್ದರು. ಅವನು ಬಾವಲಿಯ ಬಾಯಲ್ಲಿ ಮಾತ್ರ ಬದುಕುವವನು, ಮನುಷ್ಯರ ಗೊಡವೆಗೆ ಬಾರದವನು. ಒಂದು ಬಾವಲಿ ಇನ್ನೊಂದನ್ನು ನೆಕ್ಕಿದರೆ ಅವನು ಅಲ್ಲಿಗೆ ದಾಟುತ್ತಾನೆ. ಹೋದ ಮನೆಯಲ್ಲಿ ಅಣ್ಣನಿಗೆ ಜಾಗ ಬಿಡುವುದಿಲ್ಲ. ಮದ್ದಿನ ಜೊತೆ ಒಂದು ಮಿನುಗನ್ನೂ ಬೆರೆಸಿದ್ದರು. ಮದ್ದು ಸೋಕಿದ ಬಾವಲಿಯ ಕೂದಲು ಪರದೆಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಯಾಗಿ ಹೊಳೆಯುತ್ತಿತ್ತು. ನಿಂಗಾಜಮ್ಮ ಅದಕ್ಕೆ ಲೇಹ್ಯ ಎನ್ನುತ್ತಿದ್ದಳು. ಕೇಂದ್ರದಲ್ಲಿ ಎಲ್ಲರಿಗೂ ಅದೇ ಹೆಸರು ಬಾಯಿಗೆ ಬಂದುಬಿಟ್ಟಿತ್ತು.

ಲೇಹ್ಯ ಸವರಿದ ಹಣ್ಣಿನ ಹೋಳುಗಳನ್ನು ಹನ್ನೊಂದು ಸ್ಟೀಲು ತಟ್ಟೆಗಳಲ್ಲಿ ಜೋಡಿಸಿ, ರಾಟೆಯ ಹಗ್ಗದಿಂದ ಮರಕ್ಕೊಂದರಂತೆ ಏರಿಸುವುದು, ಬೆಳಿಗ್ಗೆ ಇಳಿಸಿ ತೊಳೆಯುವುದು ನಿಂಗಾಜಮ್ಮನ ಕೆಲಸ. ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಸೀಬೆ, ಸಪೋಟ ಮಾರುತ್ತಿದ್ದವಳಾದ್ದರಿಂದ ಯಾವ ಹಣ್ಣು ಎಂದು ಮಾಗುತ್ತದೆ ಎಂದು ಮುಟ್ಟಿ ಹೇಳುತ್ತಿದ್ದಳು. ತೊಳೆಯುವುದರಲ್ಲಂತೂ ಅವಳ ಸಮ ಯಾರೂ ಇಲ್ಲ. ಹುಣಸೆಹಣ್ಣು ಹಾಕಿ ಒಂದು ಸಲ, ಬೂದಿ ಹಾಕಿ ಒಂದು ಸಲ, ಕುದಿನೀರಲ್ಲಿ ಒಂದು ಸಲ. ಹಲ್ಲಿನ ಗುರುತು ಬಿದ್ದ ಹೋಳು ಒಂದೇ ಒಂದು ಕಂಡರೂ ಇಡೀ ತಟ್ಟೆಯನ್ನು ಸುಡುವ ಗುಂಡಿಗೆ ಸುರಿಯುತ್ತಿದ್ದಳು.

ನಾಲ್ಕು ತಿಂಗಳಾಗಿತ್ತು. ಪರದೆಯಲ್ಲಿ ಕಿತ್ತಳೆ ಚುಕ್ಕೆಗಳು ಒಟ್ಟು ಮೂರು ಕಂಡಿದ್ದವು. ಮೂರೂ ಮೊದಲ ತಿಂಗಳಲ್ಲೇ. ಅವೂ ಬರಬರುತ್ತ ಮಾಸಿ ಆರಿಹೋಗಿದ್ದವು. ಡಾಕ್ಟ್ರಮ್ಮ ವಾಸನೆ ಬದಲಾಯಿಸಿದರು, ಸಿಹಿ ಹೆಚ್ಚಿಸಿದರು, ಹಣ್ಣು ಬದಲಾಯಿಸಿದರು. ಬಾವಲಿಗಳು ತಟ್ಟೆಯ ಮೇಲೆ ಸುತ್ತಿ, ಮೂಸಿ, ಹೊಳೆ ದಾಟಿ ಹೋಗುತ್ತಿದ್ದವು.

ಆ ಸೋಮವಾರ ಜ್ವರ ಮಂಡಳಿಯ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯರೇ, ಒರಟಾಗಿ ಮಾತಾಡಲಿಲ್ಲ. ಮೇಲಿನಿಂದ ಆದೇಶವಾಗಿದೆ ಎಂದರು. ಹುಣ್ಣಿಮೆಗೆ ಒಂಬತ್ತು ದಿನವಿತ್ತು. ಅಷ್ಟರೊಳಗೆ ಪರದೆಯಲ್ಲಿ ನೂರು ಚುಕ್ಕೆ ತೋರಿಸಿದರೆ ಸರಿ, ಇಲ್ಲವಾದರೆ ಹುಣ್ಣಿಮೆಯ ಸಂಜೆ ಮರಗಳಿಗೆ ಹೊಗೆ ಹಾಕಿ, ಬಿದ್ದ ಬಾವಲಿಗಳನ್ನು ಕೊಂದು, ಮರಗಳನ್ನು ಉರುಳಿಸುತ್ತೇವೆ ಎಂದರು. ಹೊಗೆಗೆ ಎಲ್ಲವೂ ಬೀಳುವುದಿಲ್ಲ, ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತವೆ, ಹೆದರಿದ ಬಾವಲಿಯ ಬಾಯಿ ತುಂಬ ವೈರಸ್ಸಿರುತ್ತದೆ, ಅವು ಹೊಳೆಗುಂಟ ಅರವತ್ತು ಊರಿಗೆ ಚೆದುರಿದರೆ ಸೈರನ್ ಕೂಗಲು ಕಂಬಗಳು ಸಾಲುವುದಿಲ್ಲ ಎಂದು ಡಾಕ್ಟ್ರಮ್ಮ ಹೇಳಿದರು. ಅಧಿಕಾರಿ ಬರೆದುಕೊಂಡರು. ಹೋಗುವಾಗ, ಜನಕ್ಕೆ ಏನಾದರೂ ಮಾಡಿದ್ದು ಕಣ್ಣಿಗೆ ಕಾಣಬೇಕಲ್ಲ ಮೇಡಂ ಎಂದರು.

ನಿಂಗಾಜಮ್ಮ ಬಾಗಿಲ ಸಂದಿಯಲ್ಲಿ ತಟ್ಟೆ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಹೊಳೆಗುಂಟ ಮೂರನೆಯ ಊರು ಸಾಕವ್ವನ ಮಗಳು ಸಹನಾಳ ಗಂಡನದು.

ಸಹನಾ ಆಗ ಇದ್ದದ್ದು ನಿಂಗಾಜಮ್ಮನ ಮನೆಯಲ್ಲೇ. ಏಳು ತಿಂಗಳ ಬಸುರಿ, ಹೆರಿಗೆಗೆ ಬಂದಿದ್ದಳು. ತಾಯಿ ಹೋದಾಗ ಹದಿನೈದು ವರ್ಷದವಳು. ಅಲ್ಲಿಂದಾಚೆಗೆ ದೊಡ್ಡವ್ವನೇ ತಾಯಿ. ಆದರೂ ದೊಡ್ಡವ್ವ ಬಾವಲಿಗಳಿಗೆ ಹಣ್ಣು ಹಾಕುವ ಕೆಲಸಕ್ಕೆ ಸೇರಿದ್ದನ್ನು ಅವಳು ಒಪ್ಪಿರಲಿಲ್ಲ. ಅವ್ವನನ್ನು ಕೊಂದವುಗಳಿಗೆ ಊಟ ಬಡಿಸುತ್ತೀಯ ಎಂದು ಒಂದು ಸಲ ಅಂದಿದ್ದಳು. ಇನ್ನೊಂದು ಸಲ ಅನ್ನಲಿಲ್ಲ. ಅಂದದ್ದು ಮಾತ್ರ ಆ ಮನೆಯೊಳಗೆ ಎಲ್ಲೋ ಕೂತೇ ಇತ್ತು.

ಮನೆಯಲ್ಲಿ ಎಲ್ಲಕ್ಕೂ ಗುರುತು. ಕೆಂಪು ದಾರ ಸುತ್ತಿದ ಲೋಟ ನಿಂಗಾಜಮ್ಮನದು, ಹಸಿರು ದಾರದ್ದು ಸಹನಾಳದು. ಊರಲ್ಲೆಲ್ಲ ಹಾಗೆಯೇ. ಮದುವೆ ಮನೆಯಲ್ಲಿ ಗಂಡುಹೆಣ್ಣು ಒಬ್ಬರಿಗೊಬ್ಬರು ತುತ್ತು ಕೊಡುವುದು ನಿಂತು ಏಳು ವರ್ಷವಾಗಿತ್ತು. ಕೂಸಿಗೆ ಅನ್ನ ಕಿವುಚಿ ಬಿಸಿ ನೋಡಲು ತುಟಿಗೆ ತಾಗಿಸುವ ತಾಯಂದಿರು ಈಗ ಇರಲಿಲ್ಲ. ಅಂಗಡಿಯಲ್ಲಿ ಹಣ್ಣು ಬಿಸಿನೀರಿಗೆ ಅದ್ದಿ, ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಬರುತ್ತಿತ್ತು. ತಿಂದರೆ ನೆನೆಸಿದ ಹತ್ತಿಯ ರುಚಿ.

ಸಹನಾಳಿಗೆ ಬಯಕೆ ಹುಟ್ಟಿದ್ದು ಸೀಬೆಹಣ್ಣಿನ ಮೇಲೆ. ಹಿತ್ತಲಲ್ಲೊಂದು ಸೀಬೆಗಿಡ ಇತ್ತು. ಸಾಕವ್ವ ಹೋದ ತಿಂಗಳು ನಿಂಗಾಜಮ್ಮ ಮಚ್ಚು ತೆಗೆದುಕೊಂಡು ಅದನ್ನು ಬುಡದವರೆಗೆ ಕಡಿದಿದ್ದಳು. ಬೊಡ್ಡೆ ಮತ್ತೆ ಚಿಗುರಿ ಈ ವರ್ಷ ಐದಾರು ಕಾಯಿ ಬಿಟ್ಟಿತ್ತು. ಒಂದು ಮಾತ್ರ ಉಳಿದಿತ್ತು. ಅದಕ್ಕೆ ಸಹನಾ ತನ್ನ ತಾಯಿಯ ಹಳೆ ಸೀರೆಯಿಂದ ಚೀಲ ಹೊಲಿದು, ಬಾಯಿ ಬಿಗಿದು, ಮೇಲೊಂದು ಬಲೆಯನ್ನೂ ಕಟ್ಟಿದ್ದಳು. ಅಂದು ಸಂಜೆ ನಿಂಗಾಜಮ್ಮ ಬಂದು ಅಂಗಿ ಕಳಚಿ ಸ್ನಾನ ಮಾಡಿ ಕೂತಾಗ, ಇನ್ನೆಂಟು ದಿನಕ್ಕೆ ಹಣ್ಣಾಗುತ್ತದೆ ಎಂದಳು. ನಿಂಗಾಜಮ್ಮ ಕೂಡದು ಎಂದಳು.

"ನಿನ್ನ ಬಾವಲಿಗಳಿಗೆ ಬುಟ್ಟಿಗಟ್ಟಲೆ ಹಾಕ್ತೀಯ ದೊಡ್ಡವ್ವ. ನಂಗೊಂದು ಕೊಡಕ್ಕೆ ಕೈ ಬರಲ್ವಾ?"

"ಅಂಗಡೀದು ತಂದ್ಕೊಡ್ತೀನಿ ಕಣವ್ವ."

"ಅದನ್ನ ನೀನೇ ತಿನ್ನು. ಹೊಟ್ಟೆಲಿರೋದು ಒದೀತದೆ, ಬ್ಯಾಡ ಅಂತ."

ನಗು ಬರುವಂತಿತ್ತು. ನಿಂಗಾಜಮ್ಮ ನಗಲಿಲ್ಲ. ಆ ಗಿಡದ ಹಣ್ಣಿನ ಸುದ್ದಿ ಬಂದರೆ ಅವಳು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ತೊಳೆದ ಪಾತ್ರೆಯನ್ನೇ.

ಕೇಂದ್ರದ ಹಿಂಬದಿಯಲ್ಲಿ ಆರೈಕೆಯ ಗೂಡು. ವಿದ್ಯುತ್ ತಂತಿಗೆ ಸಿಕ್ಕು ರೆಕ್ಕೆ ಹರಿದುಕೊಂಡಿದ್ದ ಒಂದು ಹೆಣ್ಣು ಬಾವಲಿ ಅಲ್ಲಿತ್ತು. ಬಂದಾಗ ಎದೆಗೆ ಮರಿ ಕಚ್ಚಿಕೊಂಡಿತ್ತಾದ್ದರಿಂದ ನಿಂಗಾಜಮ್ಮ ಅದನ್ನು ಬಾಣಂತಿ ಎಂದು ಕರೆದಳು. ನಾಯಿಯಂಥ ಮುಖ, ಹೊನ್ನಿನ ಬಣ್ಣದ ಕತ್ತು, ಮಾತು ಕೇಳಿಸಿಕೊಳ್ಳುವಂಥ ಕಣ್ಣು. ರಕ್ತ ಪರೀಕ್ಷೆಯಲ್ಲಿ ತಾಯಿಮರಿಗಳಿಬ್ಬರೂ ಚೊಕ್ಕಟವಾಗಿದ್ದರು. ರೆಕ್ಕೆ ಕೂಡಿತ್ತು. ಮರಿ ಮೊಲೆ ಬಿಟ್ಟಿತ್ತು. ಇಬ್ಬರನ್ನೂ ಬಿಡುವ ದಿನ ಹತ್ತಿರ ಬಂದಿತ್ತು.

ಮಾರನೆಯ ದಿನ ಬೆಳಿಗ್ಗೆ ನಿಂಗಾಜಮ್ಮ ಗೂಡಿನೊಳಗೆ ಸಪೋಟದ ನಾಲ್ಕು ಹೋಳು ಇಟ್ಟಳು. ತಾಯಿ ಇಳಿದುಬಂದು ಒಂದನ್ನು ಕಚ್ಚಿತು, ರಸ ಹೀರಿತು, ಹಿಪ್ಪೆ ಉಗುಳಿತು. ಮರಿ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ತಾಯಿಯ ಬಾಯಂಚನ್ನು ನೆಕ್ಕಿತು, ಮೂಸಿತು, ಏನೋ ಯೋಚಿಸಿದಂತೆ ಸುಮ್ಮನಿತ್ತು. ಆಮೇಲೆ ಕೆಳಗಿಳಿದು, ಮುಟ್ಟದ ಮೂರು ಹೋಳುಗಳನ್ನು ದಾಟಿ, ತಾಯಿ ಕಚ್ಚಿದ ಹೋಳಿಗೇ ಬಾಯಿ ಹಾಕಲು ಹೋಯಿತು.

ನಿಂಗಾಜಮ್ಮನ ಕೈ ಅದಕ್ಕಿಂತ ಮುಂದಾಯಿತು. ಏಳು ವರ್ಷದ ಅಭ್ಯಾಸ. ಕಚ್ಚಿದ್ದನ್ನು ತೆಗೆದು, ತಟ್ಟೆ ಒರೆಸಿ, ಹೊಸ ಹೋಳು ಇಟ್ಟಳು. ಮರಿ ಅವಳ ಮುಖ ನೋಡಿತು, ಊಟಕ್ಕೆ ಕೂತವರ ಮುಂದಿನ ಎಲೆ ಎಳೆದುಕೊಂಡವಳನ್ನು ನೋಡುವ ಹಾಗೆ. ಮೇಲೆ ಹೋಗಿ ಗೋಡೆಗೆ ಮುಖ ಮಾಡಿ ನೇತಾಡಿತು. ತಾಯಿ ಮತ್ತೆ ಕಚ್ಚಿತು, ಮರಿ ಮತ್ತೆ ಇಳಿಯಿತು. ಈ ಸಲ ನಿಂಗಾಜಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಮರಿ ಎಂಜಲು ಹೋಳನ್ನು ತಿಂದಿತು. ಆಮೇಲೆ, ಅದರ ರುಚಿ ಹತ್ತಿದ ಮೇಲೆ, ಮುಟ್ಟದ ಹೋಳುಗಳನ್ನೂ ತಿಂದಿತು.

ಅವಳು ಅಲ್ಲೇ ನೆಲದ ಮೇಲೆ ಕೂತಳು. ನಾಲ್ಕು ತಿಂಗಳಿನಿಂದ ತಾನು ಗುಂಡಿಗೆ ಸುರಿದ ತಟ್ಟೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಆಮೇಲೆ ಅದಕ್ಕೂ ಹಿಂದಿನದು ಬಂತು. ಒಂದು ಸೀಬೆಹಣ್ಣು, ಒಂದು ಸೆರಗು.

ಡಾಕ್ಟ್ರಮ್ಮ ಪರದೆಯ ಮುಂದೆ ರಾಗಿ ಬಿಸ್ಕತ್ತು ತಿನ್ನುತ್ತಿದ್ದರು. ನಿಂಗಾಜಮ್ಮ ಬಂದು ಕುರ್ಚಿಯಲ್ಲಿ ಕೂತಳು. ಕೂತದ್ದೇ ಹೊಸದು, ಅವಳು ಎಂದೂ ಅವರೆದುರು ಕೂತವಳಲ್ಲ. ಮರಿಯ ವಿಷಯ ಹೇಳಿದಳು. ಡಾಕ್ಟ್ರಮ್ಮ ಬಿಸ್ಕತ್ತು ಕೆಳಗಿಟ್ಟು ಹಳೆಯ ಚಿತ್ರಗಳನ್ನು ತೆರೆದರು. ಮೊದಲ ತಿಂಗಳು, ಮೊದಲ ಕಿತ್ತಳೆ ಚುಕ್ಕೆ. ಧೈರ್ಯವಂತ ಗಂಡೊಂದು ನಾಲ್ಕನೆಯ ಮರದ ತಟ್ಟೆಯಿಂದ ಒಂದು ಹೋಳು ಕಚ್ಚಿತ್ತು. ಮಾರನೆಯ ಸಂಜೆ ಹತ್ತಾರು ಬಾವಲಿಗಳು ಅದರ ಬಾಯಿ ಮೂಸಿ, ಸೀದಾ ಅದೇ ತಟ್ಟೆಗೆ ಬಂದಿದ್ದವು. ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಯಾರ ಬಾಯಿಯ ವಾಸನೆಯೂ ಇರಲಿಲ್ಲ. ಸುತ್ತಿ ಸುತ್ತಿ ಹೊರಟುಹೋಗಿದ್ದವು. ಎರಡನೆಯ ಚುಕ್ಕೆಗೂ ಹೀಗೆಯೇ ಆಗಿತ್ತು, ಮೂರನೆಯದಕ್ಕೂ.

"ನಾನೇ ತೊಳ್ದಿದ್ದು," ಎಂದಳು ನಿಂಗಾಜಮ್ಮ.

"ತೊಳೆಯಬೇಕು ಅಂತ ಬರೆದು ಗೋಡೆಗೆ ಅಂಟಿಸಿದ್ದು ನಾನಲ್ವಾ ಮಾರಾಯ್ರೆ. ನಾನು ವೈರಸ್ಸು ಓದಿದವಳು, ಬಾವಲಿ ಓದಿದವಳಲ್ಲ." ಡಾಕ್ಟ್ರಮ್ಮ ತಲೆ ಸವರಿಕೊಂಡರು. "ಆದರೆ ಮೂರು ಮೂರು ಸಲ ತೊಳೆಯಲಿಕ್ಕೆ ನಾನು ಬರೆದಿರಲಿಲ್ಲ. ಒಂದು ಹಲ್ಲಿನ ಗುರುತಿಗೆ ಇಡೀ ತಟ್ಟೆ ಬಿಸಾಡಲಿಕ್ಕೂ ಬರೆದಿರಲಿಲ್ಲ. ಯಾಕೆ?"

ಆಗ ನಿಂಗಾಜಮ್ಮ ಹೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಮಾರುವಾಗ ಕಚ್ಚಿದ ಹಣ್ಣು ಕಂಡರೆ ಅವಳು ಅದನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಗಿಣಿ, ಅಳಿಲು ಕಚ್ಚಿದ ಹಣ್ಣು ಸಿಹಿ, ಅವಕ್ಕೆ ರುಚಿ ಗೊತ್ತು, ಅದು ಎಂಜಲೂ ಅಲ್ಲ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಹಿತ್ತಲ ಗಿಡದಲ್ಲೂ ಹಾಗೆಯೇ, ಜ್ವರ ಬರುವುದಕ್ಕೆ ವಾರದ ಮುಂಚೆ, ಒಂದು ಹಣ್ಣು, ಒಂದು ಮಗ್ಗುಲಲ್ಲಿ ಎರಡು ಹಲ್ಲು ಊರಿದ ಗುರುತು. ಅಕ್ಕತಂಗಿಯರು ನಲವತ್ತು ದಾಟಿದ್ದರೂ ಹಣ್ಣು ಹಂಚಿಕೊಳ್ಳುವಾಗ ಹುಡುಗಿಯರೇ. ಶಾಲೆಯ ಮಕ್ಕಳು ಮಾಡುವಂತೆ ಸೆರಗಿನೊಳಗೆ ಹಣ್ಣಿಟ್ಟು, ಬಟ್ಟೆಯ ಮೇಲಿಂದ ಕಚ್ಚಿ ಎರಡು ಮಾಡಿದಳು. ಬಾಯಿ ತಾಗಲಿಲ್ಲ, ಕಾಗೆ ಎಂಜಲು, ಎಂಜಲಲ್ಲ. ಗುರುತು ಬಿದ್ದ ಅರ್ಧ ಹೆಚ್ಚು ಸಿಹಿ.

"ಅದನ್ನ ಸಾಕಿಗೆ ಕೊಟ್ಟೆ. ಪ್ರೀತಿಗೆ ಕೊಟ್ಟೆ ಡಾಕ್ಟ್ರಮ್ಮ."

ಡಾಕ್ಟ್ರಮ್ಮ ಪರದೆಯಿಂದ ಅವಳ ಕಡೆ ತಿರುಗಿ ಕೂತರು. ಪರದೆಯ ನೀಲಿ ಇಬ್ಬರ ಮುಖದ ಮೇಲೂ ಇತ್ತು.

"ಬಟ್ಟೆ ಎಂಜಲನ್ನು ತಡೆಯುತ್ತದೆ ಅಂತ ನೀವು ನಂಬಿದ್ದಿರಿ. ವೈರಸ್ಸಿಗೆ ಆ ನಂಬಿಕೆ ಇಲ್ಲ," ಎಂದರು. "ಯಾವ ಅರ್ಧದಲ್ಲಿ ಎಷ್ಟಿತ್ತು ಅಂತ ಈಗ ಯಾರಿಂದಲೂ ಹೇಳಲಿಕ್ಕೆ ಆಗುವುದಿಲ್ಲ. ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ ನಿಂಗಾಜಮ್ಮನವರೇ. ಆದರೆ ಒಂದು ಉಂಟು. ಅದೇ ದಾರಿಯಲ್ಲಿ ಈಗ ಮದ್ದು ಕಳಿಸಬೇಕು. ಆ ದಾರಿ ನಿಮಗೆ ಗೊತ್ತುಂಟು, ನನಗೆ ಗೊತ್ತಿಲ್ಲ."

ಅಂದಿನಿಂದ ತಟ್ಟೆ ತೊಳೆಯುವುದು ನಿಂತಿತು. ಗೋಡೆಯ ಚೀಟಿಯನ್ನು ಡಾಕ್ಟ್ರಮ್ಮನೇ ಕಿತ್ತರು. ಅಂದು ಹಗಲು ಲೇಹ್ಯ ಸವರಿದ ಹಣ್ಣನ್ನು ಹೋಳು ಮಾಡದೆ ಇಡಿಯಾಗಿ ಗೂಡಿಗೆ ಕೊಟ್ಟು, ಬಾಣಂತಿ ಕಚ್ಚಿದ ಮೇಲೆ ಒಂದೊಂದು ತಟ್ಟೆಗೆ ಒಂದೊಂದು ಇಟ್ಟರು. ಬಾವಲಿಯ ಎಂಜಲನ್ನು ನಿಂಗಾಜಮ್ಮ ಎರಡು ಕೈಯಲ್ಲಿ ಎತ್ತಿ ತಟ್ಟೆಗಿಟ್ಟಳು. ಅಂದು ಸಂಜೆಯೇ ಬಾಣಂತಿಯನ್ನೂ ಮರಿಯನ್ನೂ ಬುಟ್ಟಿಯಲ್ಲಿ ಮೂರನೆಯ ಮರಕ್ಕೆ ಏರಿಸಿದರು. ಬಾಣಂತಿ ಬುಟ್ಟಿಯ ಅಂಚು ಹಿಡಿದು ಒಮ್ಮೆ ಕೆಳಗೆ ನೋಡಿತು. ಆಮೇಲೆ ಕಾಲಿಂದ ಕಾಲಿಗೆ, ಕೊಂಬೆಯಿಂದ ಕೊಂಬೆಗೆ, ನೀರಿನೊಳಗೆ ನಡೆಯುವವರ ಹಾಗೆ ನಿಧಾನವಾಗಿ ಮೇಲೆ ಹೋಯಿತು. ಪರದೆಯಲ್ಲಿ ಒಂದು ಕಿತ್ತಳೆ ಚುಕ್ಕೆ, ಅದರ ಪಕ್ಕದಲ್ಲೊಂದು ಚಿಕ್ಕ ಚುಕ್ಕೆ. ಮಾರನೆಯ ದಿನದಿಂದ ತಟ್ಟೆಯಲ್ಲಿ ಉಳಿದ ಎಂಜಲಿನ ಜೊತೆಗೇ ಲೇಹ್ಯ ಸವರಿದ ಹೊಸ ಹಣ್ಣು ಏರುತ್ತಿತ್ತು.

ಎರಡು ದಿನ ಎರಡೇ. ಮೂರನೆಯ ದಿನ ಐದು. ಐದನೆಯ ದಿನ ಹದಿನೇಳು, ಎಲ್ಲ ಮೂರನೆಯ ಮರದಲ್ಲೇ. ಊರಿಗೆ ಹೇಗೋ ಸುದ್ದಿ ಮುಟ್ಟಿತು. ಬಾವಲಿಗಳಿಗೆ ದೀಪ ಹಚ್ಚುತ್ತಿದ್ದಾರಂತೆ ಎಂದು ಒಬ್ಬರು, ನಿಂಗಾಜಿ ಬಾವಲಿಗಳಿಗೆ ಎಂಜಲು ತಿನ್ನಿಸಿ ಪಳಗಿಸುತ್ತಿದ್ದಾಳಂತೆ ಎಂದು ಇನ್ನೊಬ್ಬರು. ಎಂಟನೆಯ ದಿನ ಬೇರೆ ಮರಗಳಲ್ಲೂ ಕಾಣಿಸಿಕೊಂಡು ಅರವತ್ತು ಆದಾಗ ಲಾರಿಯಲ್ಲಿ ಹೊಗೆಯ ಪೀಪಾಯಿಗಳು ಬಂದು ಪಂಪ್‌ಹೌಸಿನ ಮುಂದೆ ಸಾಲಾಗಿ ಇಳಿದವು. ಅವುಗಳ ವಾಸನೆಗೇ ಮರಗಳಲ್ಲಿ ಗಲಾಟೆ ಎದ್ದಿತು. ಡಾಕ್ಟ್ರಮ್ಮ ಅವನ್ನು ಗಾಳಿ ಬೀಸದ ಮಗ್ಗುಲಿಗೆ ಸರಿಸಿ ಎಂದು ಜಗಳವಾಡಿದರು. ಸರಿಸಿದರು.

ಹುಣ್ಣಿಮೆಯ ಸಂಜೆ ಅಧಿಕಾರಿ ಬಂದು ಪರದೆಯ ಮುಂದೆ ನಿಂತಾಗ ತೊಂಬತ್ತೊಂದು. ಅವರು ಬೆರಳಿಟ್ಟು ಎರಡು ಸಲ ಎಣಿಸಿದರು.

"ಬೇಜಾರು ಮೇಡಂ," ಎಂದರು. "ನನ್ನ ಕೈಲಿ ಏನೂ ಇಲ್ಲ."

ಡಾಕ್ಟ್ರಮ್ಮ ಬಾಯಿ ತೆರೆಯುವ ಮುಂಚೆ ನಿಂಗಾಜಮ್ಮ ಮಾತಾಡಿದಳು. ಮೂಗು ಬಾಯಿಯ ಕವಚದೊಳಗಿಂದ ಅವಳ ದನಿ ಬೇರೆ ಯಾರದೋ ಎನ್ನುವಂತಿತ್ತು.

"ಸೈರನ್ ಕೂಗಿ ನಿಲ್ಲಲಿ ಸ್ವಾಮಿ. ಅವು ಇನ್ನೂ ಎದ್ದಿಲ್ಲ. ಎದ್ಮೇಲೆ ಮುಖ ತೊಳ್ಕೊಳ್ದೆ ಯಾರು ಹೊರಗೆ ಹೋಗ್ತಾರೆ?"

ಅಧಿಕಾರಿ ಗಡಿಯಾರ ನೋಡಿಕೊಂಡು ಕುರ್ಚಿ ಎಳೆದುಕೊಂಡರು. ಹೊರಗೆ ಸೈರನ್ ಕೂಗಿತು. ಊರಿನ ಬಾಗಿಲುಗಳು ಮುಚ್ಚಿಕೊಂಡವು. ನಿಂಗಾಜಮ್ಮ ರಾಟೆಯ ಹಗ್ಗ ಎಳೆದು ಹನ್ನೊಂದು ತಟ್ಟೆಗಳನ್ನೂ ಏರಿಸಿ ಬಂದಿದ್ದಳು. ಅಂದು ಮೊದಲ ಸಲ ಹನ್ನೊಂದರಲ್ಲೂ ಹಿಂದಿನ ದಿನದ ಎಂಜಲಿತ್ತು, ಬಾಣಂತಿಯದಲ್ಲ, ಆಯಾ ಮರದವರದ್ದೇ.

ನೀಲಿ ಮರಗಳಲ್ಲಿ ಕೊಡೆಗಳು ಬಿಚ್ಚಿಕೊಂಡವು. ಒಂದೊಂದಾಗಿ ತಟ್ಟೆಗಳ ಸುತ್ತ ನೆರೆದವು. ತಿಂದವು ಮೇಲೆ ಹೋಗಿ ರೆಕ್ಕೆ ನೆಕ್ಕಿಕೊಂಡವು, ಪಕ್ಕದವರ ಕತ್ತು ನೆಕ್ಕಿದವು, ಮರಿಗಳಿಗೆ ಬಾಯಿ ಕೊಟ್ಟವು, ಜಾಗಕ್ಕಾಗಿ ಕಚ್ಚಾಡಿ ಮೈಗೆಲ್ಲ ಜೊಲ್ಲು ಬಳಿದುಕೊಂಡವು. ನಾಲಗೆ ಆಡಿದಲ್ಲೆಲ್ಲ ಕ್ಷಣಕ್ಕೊಂದು ಕಿತ್ತಳೆ ಚುಕ್ಕೆ. ಹಣತೆಯಿಂದ ಹಣತೆಗೆ ಬತ್ತಿ ತಾಗಿಸಿದಂತೆ ಒಂದರ ಪಕ್ಕದಲ್ಲೊಂದು ಹೊತ್ತಿಕೊಳ್ಳುತ್ತ ಹೋಯಿತು. ಏಳನೆಯ ಮರದಲ್ಲಿ ಒಂದು ಇಡೀ ಕೊಂಬೆ ಕೆಳಗಿನಿಂದ ಮೇಲಕ್ಕೆ ಬೆಳಗಿತು. ನೂರು ದಾಟಿತು, ನೂರೈವತ್ತು ದಾಟಿತು. ಅಧಿಕಾರಿಯ ಬೆರಳು ಪರದೆಯ ಮೇಲೆ ಅಲ್ಲಲ್ಲೇ ತಡವರಿಸಿ, ಆಮೇಲೆ ಮಡಿಲಿಗೆ ಬಂತು. ಅಷ್ಟರಲ್ಲಿ ಮರಗಳೇ ಎದ್ದವು. ಬೆಳಕಿನ ಚುಕ್ಕೆಗಳು ನೀಲಿಯಲ್ಲಿ ಚೆಲ್ಲಿ, ಹೊಳೆಯ ಮೇಲೆ ಒಂದು ಸಾಲಾಗಿ, ನೀರಿನೊಳಗೆ ಇನ್ನೊಂದು ಸಾಲಾಗಿ ತೇಲಿಹೋದವು.

ಭಯವೇನಿಲ್ಲ ಅಕ್ಕ ಎಂದು ಯಾರೋ ಅಂದ ಹಾಗಾಯಿತು ನಿಂಗಾಜಮ್ಮನಿಗೆ.

ಆದೇಶ ರದ್ದಾಗಲಿಲ್ಲ. ಮುಂದಿನ ಮಳೆಗಾಲದವರೆಗೆ ತಡೆಹಿಡಿಯಲಾಗಿದೆ ಎಂದು ಕಾಗದ ಬಂತು. ಪೀಪಾಯಿಗಳು ಪಂಪ್‌ಹೌಸಿನ ಹಿಂದೆ ತಾಡಪಾಲು ಹೊದ್ದು ಹಾಗೆಯೇ ಉಳಿದವು. ಡಾಕ್ಟ್ರಮ್ಮ ಹೊಸ ಚೀಟಿ ಬರೆದು ಅಂಟಿಸಿದರು, ತಟ್ಟೆ ತೊಳೆಯುವ ಬಗ್ಗೆ ನಿಂಗಾಜಮ್ಮನವರನ್ನು ಕೇಳತಕ್ಕದ್ದು ಎಂದು. ಸೈರನ್ ಈಗಲೂ ಕೂಗುತ್ತಿತ್ತು.

ಹುಣ್ಣಿಮೆಯ ಮಾರನೆಯ ದಿನ ಅವಳಿಗೆ ರಜೆ. ಬೆಳಗಿನ ಬಿಸಿಲಿಗೆ ಹಿತ್ತಲಲ್ಲಿ ಕೂತಿದ್ದಾಗ ಸಹನಾ ಸೀಬೆಗಿಡದ ಮುಂದೆ ನಿಂತು ಚೀಲ ಮುಟ್ಟಿ ನೋಡುತ್ತಿದ್ದಳು. ಹಣ್ಣಾಗಿದೆ ಎಂದಳು, ಅಪ್ಪಣೆ ಕೇಳುವಂತೆಯೂ ಇತ್ತು, ಕೇಳದಂತೆಯೂ ಇತ್ತು. ನಿಂಗಾಜಮ್ಮ ಎದ್ದು ಹೋದಳು. ಪಾತ್ರೆಯ ಕಡೆಗಲ್ಲ. ಬಲೆ ಬಿಚ್ಚಿದಳು, ಚೀಲದ ದಾರ ಬಿಚ್ಚಿದಳು, ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲೂ ಒಂದು ಗೀರಿಲ್ಲ. ಕುದಿಸಿ ಆರಿಸಿದ ನೀರಲ್ಲಿ ತೊಳೆದಳು, ಒಂದೇ ಸಲ. ತೊಳೆದ ಹಣ್ಣನ್ನು ಕೈಯಲ್ಲಿಟ್ಟುಕೊಂಡೇ ಸಹನಾಳಿಗೆ ಎಲ್ಲವನ್ನೂ ಹೇಳಿದಳು. ಈ ಗಿಡ, ಆ ಹಣ್ಣು, ಸೆರಗು, ಎರಡು ಅರ್ಧ. ಡಾಕ್ಟ್ರಮ್ಮನಿಗೆ ಹೇಳುವುದು ಸುಲಭವಿತ್ತು ಎಂದು ಹೇಳುತ್ತಿರುವಾಗಲೇ ಗೊತ್ತಾಯಿತು.

ಸಹನಾ ಗಿಡಕ್ಕೆ ಒರಗಿ ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಹೊಳೆಯ ಕಡೆಯಿಂದ ಬಾವಲಿಗಳು ಹಗಲುನಿದ್ದೆಯಲ್ಲಿ ಜಗಳವಾಡುವ ಸದ್ದು ಬರುತ್ತಿತ್ತು.

"ಅವ್ವ ಏನಂದ್ಲು, ತಿಂದು?"

"ಸಿಹಿಯದೆ ಅಂದ್ಲು."

ಸಹನಾ ಮನೆಯ ಬಾಗಿಲ ಕಡೆ ನೋಡಿದಳು. ಅವಳು ಒಳಗೆ ಹೋದರೆ ತಾನು ಏನು ಮಾಡಬೇಕು ಎಂದು ನಿಂಗಾಜಮ್ಮ ಯೋಚಿಸುತ್ತಿದ್ದಳು. ಅವಳು ಒಳಗೆ ಹೋಗಲಿಲ್ಲ. ನಿಧಾನವಾಗಿ ಬಂದು, ದೊಡ್ಡವ್ವನ ಕೈಯಿಂದ ಹಣ್ಣು ತೆಗೆದುಕೊಂಡು, ತಾಯಿಯ ಸೀರೆಯ ಆ ಚೀಲದೊಳಗೆ ಮತ್ತೆ ಇಟ್ಟಳು. ಬಟ್ಟೆಯ ಮೇಲಿಂದ ಕಚ್ಚಿದಳು. ಕಟ್ ಎಂದು ಹಣ್ಣು ಎರಡಾಯಿತು. ಬಿಚ್ಚಿ, ಎರಡು ಅರ್ಧಗಳನ್ನೂ ಬಿಸಿಲಿಗೆ ಹಿಡಿದು, ಯಾವುದು ಹೆಚ್ಚು ಕೆಂಪಗಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿದಳು.

ಕೆಂಪಗಿದ್ದದ್ದನ್ನು ದೊಡ್ಡವ್ವನ ಕಡೆ ಚಾಚಿದಳು.

"ತಿನ್ನು. ನೀನು ತಿಂದ್ಮೇಲೆ ನಾನು ತಿಂತೀನಿ."